ಚಾನ್ಸೆಲ್ ಎಂದರೆ ಗರ್ಭಗುಡಿಯಲ್ಲ

ಇಂಗ್ಲೆಂಡಿನ ಹಳೆಯ ಊರ ಚರ್ಚುಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ‘ಚಾನ್ಸೆಲ್’ ಎಂಬ ಪದ ಎದುರಾದ ಕಡೆಯೆಲ್ಲ ‘ಗರ್ಭಗುಡಿ’ ಎಂದು ಹಾಕಿ ಮುಂದೆ ಹೋಗುತ್ತಾರೆ. ಕೆಲವರಿಗೆ ಅದು ಬಲಿಪೀಠ, ಇನ್ನು ಕೆಲವರಿಗೆ ಗಾಯಕರು ಕೂರುವ ಜಾಗ. ಮೂರೂ ಸರಿಯಲ್ಲ. ಚಾನ್ಸೆಲ್ ಎಂದರೆ ಚರ್ಚಿನ ಪೂರ್ವದ ಭಾಗ, ಪಾದ್ರಿಯ ಕಡೆ. ಗರ್ಭಗುಡಿ ಮೂರ್ತಿ ನಿಂತಿರುವ ಪುಟ್ಟ ಕತ್ತಲ ಕೋಣೆ. 14ನೇ ಶತಮಾನದ ಒಳ್ಳೆಯ ಚಾನ್ಸೆಲ್‌ಗಳಲ್ಲಿ ಪೂರ್ವದ ಗೋಡೆ ಬಹುಪಾಲು ಕಿಟಕಿಯೇ. ಅಲ್ಲಿ ಕತ್ತಲಲ್ಲ, ಬೆಳಕು ತುಂಬಿರುತ್ತದೆ. ಬಲಿಪೀಠ ಅದರ ಪೂರ್ವದ ತುದಿಯಲ್ಲಿದೆ, ಅಷ್ಟೇ.

ಪದದ ಮೂಲ ಲ್ಯಾಟಿನ್ನಿನ ‘ಕಾನ್ಸೆಲ್ಲಿ’. ಅಡ್ಡ, ಉದ್ದ ಪಟ್ಟಿ ಜೋಡಿಸಿದ ಜಾಲರಿ ಅಥವಾ ಕಟಕಟೆ ಎಂದರ್ಥ. ರೋಮನ್ ನ್ಯಾಯಸಭೆಯ ಕಟಕಟೆಯ ಬಳಿ ಇರುತ್ತಿದ್ದ ಸಿಬ್ಬಂದಿ ‘ಕಾನ್ಸೆಲಾರಿಯಸ್’. ಇಂದಿನ ಚಾನ್ಸೆಲರ್ ಅಲ್ಲಿಂದ ಬಂದ. ಬರೆದದ್ದರ ಮೇಲೆ ಜಾಲರಿಯಂತೆ ಗೆರೆ ಎಳೆದು ಹೊಡೆದುಹಾಕುವುದು ಕ್ಯಾನ್ಸಲ್ ಆಯಿತು. ಚರ್ಚಿನಲ್ಲಿ ಪಾದ್ರಿಯ ಕಡೆಗೂ ಜನರ ಕಡೆಗೂ ನಡುವೆ ನಿಂತ ಜಾಲರಿಯ ಹೆಸರು ಕ್ರಮೇಣ ಅದರಾಚೆಗಿನ ಜಾಗಕ್ಕೇ ಅಂಟಿತು. ಅಂದರೆ ಈ ಪದ ಹೇಳುವುದು ಪಾವಿತ್ರ್ಯದ ಮಾತನ್ನಲ್ಲ, ಗಡಿಯ ಮಾತನ್ನು. ಈಚೆಗಿನ ನೇವ್, ಅಂದರೆ ಜನ ಸೇರುವ ಅಂಗಣ, ಊರಿನವರದು; ಆಚೆಗಿನ ಚಾನ್ಸೆಲ್ ರೆಕ್ಟರದು, ಅಂದರೆ ಊರ ಚರ್ಚಿನ ಆದಾಯದ ಹಕ್ಕುಳ್ಳ ಪಾದ್ರಿಯದು.

ಈ ಗಡಿಗೆ ಹಣದ ಲೆಕ್ಕವೂ ಇತ್ತು, ಕಟ್ಟಡ ಅರ್ಥವಾಗಬೇಕಾದರೆ ಆ ಲೆಕ್ಕ ಗೊತ್ತಿರಲೇಬೇಕು. 13ನೇ ಶತಮಾನದ ಹೊತ್ತಿಗೆ ನೇವ್‌ನ ದುರಸ್ತಿ ಊರಿನವರ ಹೊಣೆ, ಚಾನ್ಸೆಲ್‌ನ ದುರಸ್ತಿ ರೆಕ್ಟರ್ ಹೊಣೆ ಎಂಬ ಪದ್ಧತಿ ಗಟ್ಟಿಯಾಗಿತ್ತು. ಬೆಳೆಯ ಹತ್ತನೇ ಒಂದು ಪಾಲು ರೆಕ್ಟರ್‌ಗೆ ಸಲ್ಲುತ್ತಿದ್ದದ್ದರಿಂದ ಖರ್ಚೂ ಅವನದೇ. ಲಿಂಕನ್‌ಶೈರಿನ ಹೆಕಿಂಗ್ಟನ್‌ನಲ್ಲಿ ರೆಕ್ಟರ್ ರಿಚರ್ಡ್ ದ ಪಾಟ್ಸ್‌ಗ್ರೇವ್ 14ನೇ ಶತಮಾನದ ಮೊದಲರ್ಧದಲ್ಲಿ ಕಟ್ಟಿಸಿದ ಚಾನ್ಸೆಲ್ ನೋಡಿ: ಉತ್ತರದ ಗೋಡೆಯಲ್ಲಿ ಈಸ್ಟರ್ ಸಮಾಧಿಯ (ಕ್ರಿಸ್ತನ ಸಮಾಧಿಯನ್ನು ಸೂಚಿಸುವ ಗೂಡು) ಕೆತ್ತನೆ, ದಕ್ಷಿಣದಲ್ಲಿ ಪಾದ್ರಿಗಳು ಕೂರುವ ಕಲ್ಲಿನ ಆಸನಗಳು. ಬೇರೆ ಕಡೆ ಮಠವೇ ರೆಕ್ಟರ್ ಸ್ಥಾನ ಹಿಡಿದು, ಧಾನ್ಯದ ಪಾಲನ್ನು ತಾನಿಟ್ಟುಕೊಂಡು, ಕಡಿಮೆ ಆದಾಯಕ್ಕೆ ತನ್ನ ಬದಲು ಪೂಜೆ ನಡೆಸುವ ವಿಕರ್ ಒಬ್ಬನನ್ನು ನೇಮಿಸುತ್ತಿತ್ತು. ಅಂಥ ಊರುಗಳಲ್ಲಿ ಉಣ್ಣೆ ವ್ಯಾಪಾರಿಗಳ ದುಡ್ಡಿನಿಂದ ಎದ್ದ ಎತ್ತರದ ನೇವ್‌ಗೆ ತಗ್ಗಿನ, ಸಾದಾ ಚಾನ್ಸೆಲ್ ಅಂಟಿಕೊಂಡಿರುವುದುಂಟು. ಅದನ್ನು ‘ವಿನಯದ ಸಂಕೇತ’ ಎಂದು ಬಣ್ಣಿಸಬೇಡಿ. ದುಡ್ಡು ಕೊಡಬೇಕಾದವನು ಕೊಡಲಿಲ್ಲ.

ಚಾನ್ಸೆಲ್ ಇರಬೇಕಾದರೆ ಕಮಾನು ಬೇಕೇ ಬೇಕು ಎಂದೂ ಇಲ್ಲ. ಡರ್ಹಮ್ ಸೀಮೆಯ ಎಸ್ಕಂನಲ್ಲಿ, 7ನೇ ಶತಮಾನದ ಚರ್ಚಿನಲ್ಲಿ, ಇಕ್ಕಟ್ಟಾದ ಎತ್ತರದ ಕಮಾನು ದಾಟಿಯೇ ಒಳಗೆ ಹೋಗಬೇಕು. ಆದರೆ 15ನೇ ಶತಮಾನದ ಸೌತ್‌ವೋಲ್ಡ್ ಚರ್ಚಿನಲ್ಲಿ ಕಮಾನೇ ಇಲ್ಲ. ಚಾವಣಿ ಒಂದೇ ಸಮನೆ ಸಾಗುತ್ತದೆ, ಅಡ್ಡಕ್ಕಿರುವುದು ಮರದ ತಡಿಕೆ ಮಾತ್ರ. ಗಡಿ ಹಾಕಲು ಅಷ್ಟು ಸಾಕು. ಈ ತಡಿಕೆಯ ಮೇಲೆ ಶಿಲುಬೆ, ಅಕ್ಕಪಕ್ಕ ಮೇರಿ ಮತ್ತು ಯೋಹಾನರ ಮೂರ್ತಿ ನಿಲ್ಲುತ್ತಿದ್ದವು. 1540ರ ದಶಕದ ಕೊನೆಯಲ್ಲಿ ಮೂರ್ತಿಗಳನ್ನು ಕಿತ್ತರು. ತಡಿಕೆಯ ಮೇಲೆ ಒಂದು ಅಟ್ಟವೂ ಇರುತ್ತಿತ್ತು; 1561ರಲ್ಲಿ ಎಲಿಜಬೆತ್ ರಾಣಿಯ ಆಜ್ಞೆ ಆ ಅಟ್ಟ ಒಡೆಯಿರಿ, ತಡಿಕೆ ಮಾತ್ರ ಇರಲಿ ಎಂದಿತು. ಗೋಡೆಯೊಳಗೆ ಹತ್ತಿ ಎಲ್ಲಿಗೂ ತಲುಪದ ಕಿರು ಮೆಟ್ಟಿಲು ಕಂಡರೆ ಅದು ಆ ಅಟ್ಟದ ದಾರಿ. ಸಫೋಕ್‌ನ ವೆನ್‌ಹ್ಯಾಸ್ಟನ್‌ನಲ್ಲಿ 1892ರಲ್ಲಿ ಚಾನ್ಸೆಲ್ ಕಮಾನನ್ನು ಮುಚ್ಚಿದ್ದ, ಸುಣ್ಣ ಬಳಿದ ಹಲಗೆಗಳನ್ನು ಬಿಚ್ಚಿ ಅಂಗಳಕ್ಕೆ ಹಾಕಿದ್ದರು. ಮಳೆಗೆ ಸುಣ್ಣ ತೊಳೆದುಹೋಗಿ ಅಂತಿಮ ತೀರ್ಪಿನ ಚಿತ್ರ ಮೇಲೆದ್ದಿತು. ಮೂರ್ತಿಗಳು ಹಲಗೆಗೆ ಒತ್ತಿ ನಿಂತಿದ್ದ ಕಡೆ ಬಣ್ಣವಿಲ್ಲ; ಶಿಲುಬೆಯ ಆಕಾರ ಇಂದಿಗೂ ಖಾಲಿಯಾಗಿ ಕಾಣುತ್ತದೆ.

ಗಾಯಕರ ಜಾಗ ಎಂಬ ತಪ್ಪಿಗೆ ಕಾರಣ 19ನೇ ಶತಮಾನ. ಅದಕ್ಕೂ ಹಿಂದಿನ ಶತಮಾನದಲ್ಲಿ ಊರ ಚರ್ಚಿನ ಹಾಡುಗಾರರು ಸಾಮಾನ್ಯವಾಗಿ ಪಶ್ಚಿಮದ ಅಟ್ಟದಲ್ಲಿರುತ್ತಿದ್ದರು. ಚರ್ಚುಗಳನ್ನು ಮಧ್ಯಯುಗದ ರೀತಿಗೆ ತರಬೇಕೆಂದು 1839ರಲ್ಲಿ ಹುಟ್ಟಿದ ಕೇಂಬ್ರಿಜ್ ಕ್ಯಾಮ್ಡೆನ್ ಸೊಸೈಟಿಯ ಕಾಲದ ಜೀರ್ಣೋದ್ಧಾರಗಳಲ್ಲಿ ನಿಲುವಂಗಿ ತೊಟ್ಟ ಗಾಯಕರು ಚಾನ್ಸೆಲ್‌ಗೆ ಬಂದರು, ನೆಲಕ್ಕೆ ಮೆಟ್ಟಿಲು, ಹೆಂಚು ಸೇರಿದವು. ನೆಲ ಏರಿಸಿದ್ದಾರೆಯೇ ಎಂದು ನೋಡಲು ಬಲಿಪೀಠದ ದಕ್ಷಿಣಕ್ಕೆ ಗೋಡೆಯಲ್ಲಿರುವ ‘ಪಿಸೀನಾ’ ಹುಡುಕಿ: ಪೂಜಾಪಾತ್ರೆ ತೊಳೆದ ನೀರು ಸುರಿಯುವ, ತಳದಲ್ಲಿ ತೂತಿರುವ ಕಲ್ಲಿನ ಬೋಗುಣಿ. ನಿಂತು ನೀರು ಸುರಿಯುವ ಎತ್ತರದಲ್ಲಿರಬೇಕಾದ ಅದು ಮೊಣಕಾಲಿನ ಮಟ್ಟಕ್ಕಿದ್ದರೆ, ನೆಲ ಮೇಲೆ ಬಂದಿದೆ.

ಚಾನ್ಸೆಲ್ ಒಂದು ಬದಿಗೆ ವಾಲಿದ್ದರೆ ಶಿಲುಬೆಯ ಮೇಲೆ ಕ್ರಿಸ್ತ ತಲೆ ವಾಲಿಸಿದ ಗುರುತು ಎನ್ನುವ ಕಥೆಯನ್ನೂ ಬಿಟ್ಟುಬಿಡಿ. ಹಳೆಯ ಚಾನ್ಸೆಲ್‌ನಲ್ಲಿ ಪೂಜೆ ನಡೆಯುತ್ತಿರುವಾಗಲೇ ಅದರ ಸುತ್ತ ಹೊಸ ಗೋಡೆ ಎಬ್ಬಿಸಿದರೆ, ನೇವ್‌ನ ನಡುಗೆರೆಯನ್ನು ನೇರ ದಾರ ಹಿಡಿದು ಮುಂದುವರಿಸಲು ಹಳೆಯ ಗೋಡೆ ಅಡ್ಡ ಬರುತ್ತದೆ. ಎರಡು ಕಾಲದ ಕಟ್ಟಡಗಳು ಹೀಗೆ ಕೂಡುವಲ್ಲಿ ಸೊಟ್ಟಾಗುವುದು ಸಹಜ.

ದುರಸ್ತಿಯ ಹೊಣೆ ಮಧ್ಯಯುಗದೊಂದಿಗೆ ಮುಗಿಯಲಿಲ್ಲ. 1536ರಿಂದ 1540ರ ನಡುವೆ ಮಠಗಳು ಮುಚ್ಚಿದಾಗ ಅವುಗಳ ರೆಕ್ಟರ್ ಹಕ್ಕು ಜಮೀನಿನ ಜೊತೆ ಖಾಸಗಿಯವರ ಕೈಗೆ ಹೋಯಿತು, ಹೊಣೆಯೂ ಬೆನ್ನಿಗೇ ಹೋಯಿತು. ವಾರಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೋ ಚರ್ಚಿನ ಪ್ರಕರಣದಲ್ಲಿ 2003ರಲ್ಲಿ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್, ಅಂಥ ಜಮೀನಿನ ಒಡೆಯರೇ ಚಾನ್ಸೆಲ್ ದುರಸ್ತಿಯ ಖರ್ಚು ಕೊಡಬೇಕೆಂದು ತೀರ್ಪಿತ್ತಿತು. 2013ರ ಅಕ್ಟೋಬರ್ 13ರೊಳಗೆ ಭೂದಾಖಲೆಯಲ್ಲಿ ನಮೂದಿಸದ ಹೊಣೆ, ಅದರ ನಂತರ ಬೆಲೆ ಕೊಟ್ಟು ಕೊಂಡು ನೋಂದಾಯಿಸಿಕೊಂಡವರನ್ನು ಸಾಮಾನ್ಯವಾಗಿ ಕಟ್ಟುವುದಿಲ್ಲ. ಆದರೂ ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವ ಕನ್ನಡಿಗರು ವಕೀಲರ ಬಿಲ್ಲಿನಲ್ಲಿ ‘ಚಾನ್ಸೆಲ್ ಸರ್ಚ್’ ಎಂಬ ಸಾಲು ಕಂಡರೆ, ಅದು ಈ ದುರಸ್ತಿಯ ಹೊಣೆ ಆ ಜಾಗದ ಮೇಲಿದೆಯೇ ಎಂಬ ತಪಾಸಣೆಯ ಶುಲ್ಕ.