ಕುಲಕರ್ಣಿ: ಹುದ್ದೆ ಹೋಯಿತು, ಅಡ್ಡಹೆಸರು ಉಳಿಯಿತು

ಕುಲಕರ್ಣಿ ಅಂದರೆ ಜಾತಿಯ ಹೆಸರು ಅಂದುಕೊಂಡವರು ಜಾಸ್ತಿ. ಅದು ಹುದ್ದೆಯ ಹೆಸರು. ಊರಿನ ಜಮೀನು ಮತ್ತು ಕಂದಾಯದ ಲೆಕ್ಕ ಬರೆದಿಡುತ್ತಿದ್ದವನೇ ಕುಲಕರ್ಣಿ. ಪಾಟೀಲ ಊರಿನ ಯಜಮಾನ, ವಸೂಲಿ ಅವನದು. ಯಾರ ಹೊಲ ಎಷ್ಟು, ಯಾರು ಕಟ್ಟಿದರು, ಯಾರದು ಬಾಕಿ ಅನ್ನುವುದೆಲ್ಲ ಕುಲಕರ್ಣಿಯ ಕಾಗದದಲ್ಲಿ.

ಇಲ್ಲಿ 'ಕುಲ' ಅಂದರೆ ವಂಶ ಅಲ್ಲ, ಕಂದಾಯ ಕಟ್ಟುವ ಒಕ್ಕಲು. 'ಅವನು ದೊಡ್ಡ ಕುಳ' ಅಂತೀವಲ್ಲ, ಆ ಕುಳ. 'ಕರಣಿ'ಯಲ್ಲಿ ಇರುವುದು ಕರಣಿಕನ ಲೆಕ್ಕ ಬರೆಯುವ ಕೆಲಸ. ತೆಲುಗು ನಾಡಿನಲ್ಲಿ ಅವನೇ ಕರಣಂ, ಹಳೇ ಮೈಸೂರಿನಲ್ಲಿ ಶಾನುಭೋಗ.

ಈ ಹುದ್ದೆ ವತನ, ಅಂದರೆ ಅಪ್ಪನಿಂದ ಮಗನಿಗೆ ಬರುವಂಥದ್ದು. ಸಂಬಳದ ಬದಲು ಇನಾಮು ಜಮೀನು. ಅಣ್ಣತಮ್ಮಂದಿರು ಪಾಲಾದರೆ ಹುದ್ದೆಯೂ ಪಾಳಿಯ ಮೇಲೆ ನಡೆಯುತ್ತಿತ್ತು. ಊರೂರಿಗೂ ಕುಲಕರ್ಣಿ ಇದ್ದಿದ್ದರಿಂದ ಒಂದು ಊರಿನವರಿಗೂ ಇನ್ನೊಂದು ಊರಿನವರಿಗೂ ರಕ್ತಸಂಬಂಧ ಇರಲೇಬೇಕೆಂದಿಲ್ಲ. ಹೆಚ್ಚಿನವರು ದೇಶಸ್ಥ ಬ್ರಾಹ್ಮಣರು, ಅವರಲ್ಲಿ ಮಾಧ್ವರೂ ಉಂಟು, ಸ್ಮಾರ್ತರೂ ಉಂಟು. ಲಿಂಗಾಯತರಲ್ಲೂ ಕುಲಕರ್ಣಿಗಳಿದ್ದಾರೆ. ಕುಲಕರ್ಣಿ ಮನೆಯ ಹುಡುಗಿ ಕುಲಕರ್ಣಿ ಮನೆಗೇ ಸೊಸೆಯಾಗಿ ಹೋಗುವುದು ಮಾಮೂಲು. ಗೋತ್ರ ಬೇರೆ ಇದ್ದರಾಯ್ತು. ಆಧಾರ್ ಕಾರ್ಡಿನಲ್ಲಿ ಅಡ್ಡಹೆಸರು ತಿದ್ದಿಸುವ ಓಡಾಟವೂ ತಪ್ಪಿತು ಅಲ್ವಾ?

ಮಹಾರಾಷ್ಟ್ರದಲ್ಲಿ ಈ ಹೆಸರು ಎಲ್ಲೆಡೆ ಸಿಗುತ್ತದೆ. ನಮ್ಮಲ್ಲಿ ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡ, ಗದಗ, ಹಾವೇರಿ, ಕಲಬುರಗಿ ಕಡೆ ಜಾಸ್ತಿ. ಕಾದಂಬರಿಕಾರ ಗಳಗನಾಥರ ನಿಜ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಸುಧಾ ಮೂರ್ತಿಯವರ ತವರಿನ ಹೆಸರೂ ಕುಲಕರ್ಣಿಯೇ. ಮಂಡ್ಯ, ಮೈಸೂರು ಕಡೆ ಶಾನುಭೋಗರ ಮನೆತನಗಳು ಬೇಕಾದಷ್ಟಿದ್ದರೂ ಅದು ಅಡ್ಡಹೆಸರಾಗಿ ಅಷ್ಟು ನಿಲ್ಲಲಿಲ್ಲ. ಅಲ್ಲಿ ಹೆಸರಿನ ಹಿಂದೆ ಊರು, ಅಪ್ಪನ ಹೆಸರಿನ ಇನಿಷಿಯಲ್ ಹಾಕುವ ರೂಢಿ. ಅದೇ ಕಾರಣ ಅಂತ ನನಗನಿಸುತ್ತದೆ.

ಬರವಣಿಗೆ ಬಲ್ಲವನ ಕೈಯಲ್ಲೇ ಊರಿನ ಲೆಕ್ಕ ಇದ್ದರೆ ಓದು ಬಾರದ ರೈತನ ಗತಿ ಏನು? ಈ ಸಿಟ್ಟು ಹಳೆಯದು. ಕೊಲ್ಹಾಪುರದ ಶಾಹು ಮಹಾರಾಜರು 1918ರಲ್ಲಿ ಕುಲಕರ್ಣಿ ವತನ ತೆಗೆದು ಸಂಬಳದ ತಲಾಠಿಗಳನ್ನು, ಅಂದರೆ ಗ್ರಾಮ ಲೆಕ್ಕಿಗರನ್ನು ನೇಮಿಸಿದರು. ನಮ್ಮ ರಾಯಬಾಗ ಆಗ ಆ ಸಂಸ್ಥಾನಕ್ಕೇ ಸೇರಿತ್ತು. ಮುಂಬೈ ಪ್ರಾಂತ್ಯದಲ್ಲಿ ವತನ ಹೋಗಲು 1950ರ ಕಾಯ್ದೆ ಬರಬೇಕಾಯಿತು. ಅದು ಜಾರಿಯಾದದ್ದು 1951ರ ಮೇ 1ರಿಂದ. ಹಳೇ ಮೈಸೂರಿನ ಶಾನುಭೋಗಿಕೆಗೆ ಕುತ್ತು ತಂದದ್ದು 1961ರ ಕಾಯ್ದೆ.

ಹುದ್ದೆ ಹೋದರೂ ಕಾಗದಪತ್ರ ಹೋಗಲಿಲ್ಲ. ಮರಾಠರ ಆಳ್ವಿಕೆಯಿಂದ ಬಂದ ರೂಢಿಯಂತೆ, ಮನೆಯಲ್ಲಿ ಕನ್ನಡ ಮಾತಾಡುವ ಕುಲಕರ್ಣಿಯೂ ದಫ್ತರವನ್ನು ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿ ಬರೆಯುವ ಕೂಡಕ್ಷರದ ಲಿಪಿಯಲ್ಲಿ ಬರೆಯುತ್ತಿದ್ದ. ಮೊದಲು ಹಾಳೆಯ ಉದ್ದಕ್ಕೂ ಒಂದು ಗೆರೆ. ಆಮೇಲೆ ಲೆಕ್ಕಣಿಕೆ ಆದಷ್ಟು ಎತ್ತದೆ, ಅಕ್ಷರಗಳನ್ನು ಒಂದಕ್ಕೊಂದು ಸೇರಿಸಿ ಆ ಗೆರೆಗೆ ಜೋತುಬಿಡುವುದು. ಬರೆದ ಕಾಗದಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿಡುತ್ತಿದ್ದರು. ಆ ಗಂಟಿಗೆ ರುಮಾಲು ಎಂದೇ ಹೆಸರು. ಇವತ್ತು ಆ ಭಾಗದಲ್ಲಿ ಜಮೀನಿನ ವ್ಯಾಜ್ಯ ಅಜ್ಜ, ಮುತ್ತಜ್ಜನ ಕಾಲದ ದಾಖಲೆವರೆಗೆ ಹೋದರೆ, ವಕೀಲರಿಗಿಂತ ಮೊದಲು ಮೋಡಿ ಓದಬಲ್ಲವರನ್ನು ಹುಡುಕಬೇಕು. ಅಂಥವರು ಈಗ ಬಹಳ ಕಡಿಮೆ.