ನೀಲಿ ಟಾರ್ಪಾಲಿನ ಕೆಳಗೆ ಕೆಂಪಡಿಕೆ

ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ತೀರ್ಥಹಳ್ಳಿ ಸಮೀಪದ ಅತ್ತೆಯ ಮನೆಗೆ ಹೋಗಿದ್ದೆ. ಅಂಗಳದ ಚಪ್ಪರಕ್ಕೆ ನೀಲಿ ಟಾರ್ಪಾಲು. ಕೆಳಗೆ ಮೆಟ್ಟುಗತ್ತಿ ಹಿಡಿದು ಕುಳಿತ ಅತ್ತೆ, ಪಕ್ಕದಲ್ಲಿ ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ರಸದಲ್ಲಿ) ಬೆಂದ ಅಡಿಕೆ. ನನ್ನ ಕಣ್ಣಿಗೆ ಅತ್ತೆಯ ನರೆಗೂದಲು ಬೆಳ್ಳಗೇ ಇತ್ತು. ಬಿಸಿಲಿಗೆ ಹೊಂದಿಸಿಟ್ಟ ಕ್ಯಾಮೆರಾದ ಪರದೆಯಲ್ಲಿ ಮಾತ್ರ ನೀಲಿ! ತೆಗೆಯುತ್ತಿರುವುದು ರಾ ಫೈಲ್, ವೈಟ್ ಬ್ಯಾಲೆನ್ಸನ್ನು, ಅಂದರೆ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಹೊಂದಿಕೆಯನ್ನು, ಆಮೇಲೆ ಸರಿಪಡಿಸಿದರಾಯಿತು ಎಂದುಕೊಂಡೆ.

ಆ ನಂಬಿಕೆ ಸುಳ್ಳಲ್ಲ. ಹೆಚ್ಚಿನ ಕ್ಯಾಮೆರಾಗಳಲ್ಲಿ ಬೆಳಕನ್ನು ಅಳೆಯುವ ಸಂವೇದಕದ (ಸೆನ್ಸರ್) ಮೇಲೆ, ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಬಣ್ಣದ ಜಾಲರಿ ಇರುತ್ತದೆ: ಪ್ರತಿ ನಾಲ್ಕು ಕೋಶಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಒಂದೊಂದು ಕೋಶಕ್ಕೂ ಬಿದ್ದ ಬೆಳಕಿನ ಅಳತೆಯೇ ರಾ ಫೈಲ್. ವೈಟ್ ಬ್ಯಾಲೆನ್ಸ್ ಎಂದರೆ ಕೆಂಪು, ನೀಲಿ ಅಳತೆಗಳನ್ನು ಎಷ್ಟರಿಂದ ಗುಣಿಸಬೇಕೆಂಬ ಲೆಕ್ಕ. ಅದು ಫೈಲಿನ ಜೊತೆಗೆ ಬರೆದಿಟ್ಟ ಚೀಟಿಯಷ್ಟೆ. ಯಾವಾಗ ಬೇಕಾದರೂ ಬದಲಿಸಬಹುದು.

ಆದರೆ ಗುಣಾಕಾರ ಹೊಸ ಬೆಳಕನ್ನು ಹುಟ್ಟಿಸುವುದಿಲ್ಲ. ನೀಲಿ ಟಾರ್ಪಾಲು ಕೆಂಪು ಬೆಳಕನ್ನು ಬಹುಪಾಲು ತಡೆದಿತ್ತು. ಸಿಕ್ಕ ಅಲ್ಪಸ್ವಲ್ಪ ಕೆಂಪನ್ನು ಹಿಗ್ಗಿಸಿದಾಗ, ಜೊತೆಗಿದ್ದ ಗದ್ದಲವೂ (ನಾಯ್ಸ್ ಎಂಬ ಅಳತೆಯ ಏರುಪೇರು) ಹಿಗ್ಗಿ ಅಡಿಕೆಯ ಮೇಲೆ ಮರಳಿನಂತೆ ಕಾಣಿಸಿತು. ಹಳೆಯ ಬುರುಡೆ ಬಲ್ಬಿನ ಕೆಳಗೆ ಇದೇ ತೊಂದರೆ ನೀಲಿಗೆ ಬರುತ್ತದೆ. ಇನ್ನೊಂದನ್ನು ಹೆಚ್ಚಿನವರು ಗಮನಿಸುವುದಿಲ್ಲ: ಪರದೆಯಲ್ಲಿ ಕಾಣುವ ಚಿತ್ರವೂ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆಯೂ ಸಾಮಾನ್ಯವಾಗಿ ರಾ ಅಳತೆಗಳಿಂದಲ್ಲ, ವೈಟ್ ಬ್ಯಾಲೆನ್ಸ್ ಸೇರಿದ ಜೆಪೆಗ್ ಚಿತ್ರದಿಂದ ಬರುತ್ತವೆ. ಆ ಹೊಂದಿಕೆ ತಪ್ಪಿದ್ದರೆ ಎಕ್ಸ್‌ಪೋಷರ್, ಅಂದರೆ ಎಷ್ಟು ಬೆಳಕು ಒಳಬಿಡಬೇಕೆಂಬ ನಿರ್ಧಾರವೂ ದಾರಿ ತಪ್ಪುತ್ತದೆ. ಅದನ್ನು ಆಮೇಲೆ ಪೂರ್ತಿಯಾಗಿ ಸರಿಪಡಿಸಲಾಗದು.

ತೋಟದೊಳಗಿನ ಕಥೆ ಬೇರೆ. ಬೆಳಕಿನ ಬಣ್ಣ ಹೇಳುವ ಕೆಲ್ವಿನ್ ಅಳತೆ ಕುಲುಮೆಯ ಕಬ್ಬಿಣದ ದಾರಿ ಹಿಡಿಯುತ್ತದೆ: ಬಿಸಿ ಏರಿದಂತೆ ಬೆಳಕು ಕೆಂಪಿನಿಂದ ಬಿಳಿಗೆ, ನೀಲಿಯ ಕಡೆಗೆ ಸಾಗುತ್ತದೆ. ಬುರುಡೆ ಬಲ್ಬು ಸುಮಾರು 2,700, ನಡುಹಗಲ ಬಿಸಿಲು ಸುಮಾರು 5,500. ಸೋಗೆಗಳ ನಡುವೆ ಸೋಸಿ ಬರುವ ಹಸಿರು ಬೆಳಕು ಈ ದಾರಿಯ ಮೇಲೆಯೇ ಇಲ್ಲ, ಪಕ್ಕಕ್ಕಿದೆ. ಅದಕ್ಕೆ ಟಿಂಟ್ ಎಂಬ ಎರಡನೆಯ ಸರಿಗೋಲನ್ನೇ (ಸ್ಲೈಡರ್) ಹಸಿರಿನ ಎದುರು ಬಣ್ಣವಾದ ಮೆಜೆಂಟಾ ಕಡೆಗೆ ಸರಿಸಬೇಕು. ಮಲೆನಾಡಿನಲ್ಲಿ ಫೋಟೊ ತೆಗೆಯುವವರಿಗೆ ಕೆಲ್ವಿನ್‌ಗಿಂತ ಇದರ ಪರಿಚಯವೇ ಹೆಚ್ಚು ಬೇಕೆಂಬುದು ನನ್ನ ಅಭಿಪ್ರಾಯ.

ಆ ರಾತ್ರಿ ಕಂಪ್ಯೂಟರ್ ಮುಂದೆ ಕುಳಿತಾಗ ನಿಜವಾದ ಕಷ್ಟ ತಿಳಿಯಿತು. ಅಡಿಕೆಯ ಕೆಂಪು ಎಷ್ಟಿತ್ತು? ಎರಡು ನಿಮಿಷ ದಿಟ್ಟಿಸಿದರೆ ಯಾವ ಬಣ್ಣವೂ ಸರಿಯೆನಿಸುತ್ತಿತ್ತು. ಟಾರ್ಪಾಲಿನ ಕೆಳಗೆ ನರೆಗೂದಲನ್ನು ಬೆಳ್ಳಗೆ ತೋರಿಸಿದ ಕಣ್ಣು ಪರದೆಗೂ ಹಾಗೆಯೇ ಹೊಂದಿಕೊಳ್ಳುತ್ತಿತ್ತು. ರಾಶಿಗೆ ಬಣ್ಣ ನೋಡಿಯೇ ಬೆಲೆ ಕಟ್ಟುವ ಊರಿನಲ್ಲಿ ಆ ಕೆಂಪನ್ನು ಊಹೆಯಿಂದ ಬಳಿಯಲು ನನಗೆ ಮನಸ್ಸಾಗಲಿಲ್ಲ.

ಈಗ ಚೀಲದಲ್ಲಿ ಬೂದು ಬಣ್ಣದ ಕಾರ್ಡ್ ಇರುತ್ತದೆ. ಚಿತ್ರದಲ್ಲಿ ಅದು ಬೂದಾಗಿಯೇ ಕಾಣುವಂತೆ ಹೊಂದಿಸಿದರೆ ಉಳಿದ ಬಣ್ಣಗಳಿಗೂ ಊಹೆ ಬೇಡ. ಬಿಳಿ ಕಾಗದ ಸಾಲದು. ಹೊಳಪಿಗಾಗಿ ಅದಕ್ಕೆ ಬೆರೆಸುವ ರಾಸಾಯನಿಕಗಳು ಬಿಸಿಲಿನಲ್ಲಿ ನೀಲಿ ಛಾಯೆ ಕೊಡುತ್ತವೆ. ಈ ಸಲ ಟಾರ್ಪಾಲು ಸರಿಸಿ ಸೋಗೆ ಹೊದಿಸಲು ಕೇಳಿಕೊಂಡೆ. ಮೊದಲ ಚಿತ್ರದಲ್ಲಿ ಅತ್ತೆ ಕಾರ್ಡನ್ನು ಅಡಿಕೆ ರಾಶಿಯ ಪಕ್ಕಕ್ಕೆ ತಾವೇ ಹಿಡಿದಿದ್ದಾರೆ.