ಮಲೇರಿಯಾ ರೋಗಾಣು ನುಗ್ಗಿದಾಗ ರಕ್ತಕಣ ಒಡೆಯುವುದಿಲ್ಲ ಯಾಕೆ?

ಪ್ರಶ್ನೆ: ಮಲೇರಿಯಾ ರೋಗಾಣು ಕೆಂಪು ರಕ್ತಕಣದ ಒಳಗೆ ಸೇರಿಕೊಂಡು ಬೆಳೆಯುತ್ತದೆ ಅಂತ ಓದಿದ್ದೇನೆ. ಹಾಗೆ ನುಗ್ಗುವಾಗಲೇ ಕಣಕ್ಕೆ ತೂತು ಬಿದ್ದು ಒಡೆದುಹೋಗಬೇಕಲ್ವಾ?

ಉತ್ತರ: ತೂತು ಬೀಳುವುದೇ ಇಲ್ಲ. ರೋಗಾಣು ಕಣದ ಪೊರೆಯನ್ನು ಕೊರೆಯುವುದಿಲ್ಲ. ಪೊರೆಯನ್ನು ಒಳಕ್ಕೆ ತಗ್ಗಿಸಿ, ಅದನ್ನೇ ಮೈಸುತ್ತ ಹೊದ್ದುಕೊಂಡು ಇಳಿಯುತ್ತದೆ. ಹಿಂದೆಯೇ ಪೊರೆ ಮುಚ್ಚಿಕೊಳ್ಳುತ್ತದೆ.

ಇದೆಲ್ಲ ನಡೆಯುವುದು ಅದು ಆ ಹೊತ್ತಿಗೆ ಉಗುಳುವ ಪ್ರೋಟೀನುಗಳಿಂದ. ಈ ಹಂತದ ರೋಗಾಣುವಿಗೆ ಮೆರೊಜೊಯಿಟ್ ಎನ್ನುತ್ತಾರೆ. ಉದ್ದ ಒಂದೆರಡು ಮೈಕ್ರಾನ್ ಅಷ್ಟೆ. ರಕ್ತಕಣವೋ 7–8 ಮೈಕ್ರಾನ್ ಅಗಲ. ರೋಗಾಣುವಿನ ಚೂಪು ತುದಿಯಲ್ಲಿ ಪ್ರೋಟೀನ್ ತುಂಬಿದ ಚೀಲಗಳಿವೆ. ಚಿಕ್ಕವು ಮೈಕ್ರೋನೀಮ್, ದೊಡ್ಡವು ರಾಪ್ಟ್ರಿ. ಎರಡೂ ಒಟ್ಟಿಗೆ ಬಿಚ್ಚಿಕೊಳ್ಳುವುದಿಲ್ಲ. ರಕ್ತಕಣದ ಒಳಗೆ ಪೊಟ್ಯಾಸಿಯಂ ಜಾಸ್ತಿ, ಹೊರಗಿನ ಪ್ಲಾಸ್ಮಾದಲ್ಲಿ ತೀರಾ ಕಮ್ಮಿ. ತಾನು ಬೆಳೆದ ಹಳೆಯ ಕಣದಿಂದ ರೋಗಾಣು ಹೊರಬಿದ್ದ ಕೂಡಲೇ ಈ ವ್ಯತ್ಯಾಸ ತಟ್ಟಿ, ರೋಗಾಣುವಿನೊಳಗೆ ಕ್ಯಾಲ್ಸಿಯಂ ಏರುತ್ತದೆ, ಮೈಕ್ರೋನೀಮ್‌ಗಳು ಬಿಚ್ಚುತ್ತವೆ. ಅವುಗಳ ಪ್ರೋಟೀನು ಹೊಸ ಕಣವನ್ನು ಹಿಡಿದ ಮೇಲೆ ರಾಪ್ಟ್ರಿಯ ಸರದಿ.

ಇಲ್ಲಿಂದ ಮುಂದಿನದು ನಿಜಕ್ಕೂ ಕಿಲಾಡಿ ಕೆಲಸ. ರಾಪ್ಟ್ರಿಯಿಂದ ಬರುವ ರಾನ್2 ಎಂಬ ಪ್ರೋಟೀನು ಹೋಗಿ ನಮ್ಮ ರಕ್ತಕಣದ ಪೊರೆಯಲ್ಲಿ ನಾಟಿಕೊಳ್ಳುತ್ತದೆ. ರೋಗಾಣುವಿನ ಮೈಮೇಲಿರುವ ಎಎಂಎ1 ಎಂಬ ಪ್ರೋಟೀನು ಅದನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹಿಡಿಕೆಯಿಲ್ಲದ ಬಾಗಿಲಿಗೆ ಕಳ್ಳ ತಾನೇ ಹಿಡಿಕೆ ಜಡಿದ ಹಾಗೆ! ಈ ಎರಡೂ ಸೇರಿ ರೋಗಾಣುವಿನ ಸುತ್ತ ಒಂದು ಬಿಗಿಯಾದ ಉಂಗುರವಾಗುತ್ತದೆ. ಅದರ ಮೂಲಕ ರೋಗಾಣು ತನ್ನದೇ ಆಕ್ಟಿನ್–ಮಯೋಸಿನ್ (ನಮ್ಮ ಸ್ನಾಯುಗಳನ್ನು ಎಳೆಯುವಂಥ ಪ್ರೋಟೀನುಗಳು) ಬಲದಿಂದ ತೂರಿಕೊಳ್ಳುತ್ತದೆ. ಅರ್ಧ ನಿಮಿಷದೊಳಗೆ ಕೆಲಸ ಮುಗಿದಿರುತ್ತದೆ.

ಕಣ ಒಡೆಯುವುದು ಆಮೇಲೆ. ಫಾಲ್ಸಿಪ್ಯಾರಮ್ ಎಂಬ ಜಾತಿಯ ಮಲೇರಿಯಾ ರೋಗಾಣು ಆದರೆ ಸುಮಾರು 48 ಗಂಟೆ ಕಳೆದು, ಒಂದಿದ್ದದ್ದು ಹದಿನಾರೋ ಇಪ್ಪತ್ತೋ ಆಗಿ ಹೊರಬರುವಾಗ. ಚಳಿಜ್ವರ ಏರುವುದೂ ಆಗಲೇ.

ಹಾಗಾದರೆ ಈ ಪ್ರೋಟೀನುಗಳನ್ನೇ ತಡೆಯುವ ಲಸಿಕೆ ಮಾಡಬಹುದಲ್ಲ? ಎಎಂಎ1 ಮೇಲೆ ಪ್ರಯತ್ನ ನಡೆದಿತ್ತು. ಆದರೆ ಅದು ತಳಿಯಿಂದ ತಳಿಗೆ ತುಂಬ ಬೇರೆಯಾಗಿರುತ್ತದೆ. ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ಇನ್ನೊಂದರ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಈಗ ಹೆಚ್ಚು ಭರವಸೆ ಆರ್‌ಎಚ್5 ಮೇಲೆ. ಇದೂ ನುಗ್ಗುವಾಗ ಹೊರಬರುವ ಪ್ರೋಟೀನೇ. ರಕ್ತಕಣದ ಮೇಲಿನ ಬೇಸಿಜಿನ್ ಎಂಬ ಪ್ರೋಟೀನಿಗೆ ಇದು ಅಂಟಿಕೊಳ್ಳುತ್ತದೆ ಎಂದು 2011ರಲ್ಲಿ ಗೊತ್ತಾಯಿತು. ಇದು ಅಷ್ಟಾಗಿ ರೂಪ ಬದಲಿಸುವುದಿಲ್ಲ. ಬುರ್ಕಿನಾ ಫಾಸೊದಲ್ಲಿ ಇದರ ಲಸಿಕೆಯನ್ನು ಮಕ್ಕಳಿಗೆ ಕೊಟ್ಟು ಪರೀಕ್ಷಿಸಿದ್ದಾರೆ. ಪುಣೆಯಲ್ಲಿ ತಯಾರಾಗುವ ಆರ್21 ಬೇರೆ; ರೋಗಾಣು ರಕ್ತಕ್ಕೆ ಇಳಿಯುವ ಮೊದಲು, ಯಕೃತ್ತಿನ ಕಡೆ ಹೊರಟಾಗಲೇ ಅದನ್ನು ತಡೆಯುವ ಲಸಿಕೆ ಅದು.